ಅಂಕ ಬಂತು, ಉತ್ತರ ಪತ್ರಿಕೆ ಬರಲಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮೂರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ಶೇ 83.89. 2024ರಲ್ಲಿ ಶೇ 73.40. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ನಡುವಿನ ಅಂಕಿಯ ಹಿಂದೆ ಒಂದು ಉಪಕಥೆ ಇದೆ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಸಿಸಿ ಟಿವಿ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಫಲಿತಾಂಶ ಶೇ 53ರ ಆಸುಪಾಸಿಗೆ ಬಂದು ಬಿತ್ತು. ಕಂಗಾಲಾದ ಇಲಾಖೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಹೇಗೋ ಎತ್ತಿ 73ರ ಮೇಲೆ ಕೂರಿಸಿತು. ಮರುವರ್ಷ ಕೃಪಾಂಕವೂ ಹೋಯಿತು. ಈಗ ಪಾಸಾಗುವ ಗೆರೆಯೇ 35ರಿಂದ 33ಕ್ಕೆ ಇಳಿದಿದೆ. 625ಕ್ಕೆ 206 ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರೆ ಸಾಕು.

ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ಅಷ್ಟೊಂದು ದಡ್ಡರಾಗಲಿಲ್ಲ. ಅದೇ ಪಾಠ, ಅದೇ ಮೇಷ್ಟ್ರು, ಅದೇ ಬೆಂಚು. ಗೋಡೆಯ ಮೇಲೊಂದು ಕ್ಯಾಮೆರಾ ಬಂತು, ಅಷ್ಟೆ. ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ, ನಕಲು ನಿಲ್ಲಲೇಬೇಕು. ಆದರೆ ಯಾರು ಕಾಪಿ ಹೊಡೆದರು ಎಂಬುದು ಕ್ಯಾಮೆರಾಕ್ಕೆ ಕಾಣುತ್ತದೆಯೇ ಹೊರತು ಯಾರು ಏನು ಕಲಿತರು ಎಂಬುದು ಕಾಣುವುದಿಲ್ಲ. ಅದನ್ನು ಹೇಳಬೇಕಾದದ್ದು ಪ್ರಶ್ನೆಪತ್ರಿಕೆ. ಪ್ರಶ್ನೆಪತ್ರಿಕೆಯ ಸ್ಥಿತಿ ಏನೆಂದು ತಿಳಿಯಬೇಕಾದರೆ ಯಾವುದಾದರೂ ಹೈಸ್ಕೂಲಿಗೆ ಜನವರಿ ತಿಂಗಳಲ್ಲಿ ಹೋಗಬೇಕು.

ಆ ಹೊತ್ತಿಗೆ ‘ಪಾಸಿಂಗ್ ಪ್ಯಾಕೇಜ್’ ತಯಾರಾಗಿರುತ್ತದೆ. ನಿಧಾನ ಕಲಿಕೆಯ ಮಕ್ಕಳೆಂದು ಗುರುತಿಸಿದವರಿಗೆ ಜೆರಾಕ್ಸ್ ಮಾಡಿ ಹಂಚುವ ಹತ್ತಿಪ್ಪತ್ತು ಹಾಳೆ. ವಿಜ್ಞಾನಕ್ಕೆ ನಾಲ್ಕಾರು ಚಿತ್ರ, ಸಮಾಜಕ್ಕೆ ಭಾರತದ ನಕ್ಷೆ, ಗಣಿತಕ್ಕೆ ಒಂದು ನಕ್ಷಾ ವಿಧಾನದ ಲೆಕ್ಕ, ಒಂದು ಪ್ರಮೇಯ. ಥೇಲ್ಸ್ ಪ್ರಮೇಯವನ್ನು ಮಕ್ಕಳು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ತ್ರಿಭುಜದ ಹೆಸರು ಎಬಿಸಿ ಇದ್ದಲ್ಲಿ ಪಿಕ್ಯೂಆರ್ ಮಾಡಿ, ಇಲ್ಲವೇ ತ್ರಿಭುಜವನ್ನೇ ಒಂದಿಷ್ಟು ಓರೆಯಾಗಿ ಬರೆದುಕೊಡಿ. ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಸಮಾಂತರ ರೇಖೆ ಬಾಹುಗಳನ್ನು ಯಾಕೆ ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ ಎಂದು ಆ ಮಗುವನ್ನು ಇಡೀ ವರ್ಷ ಯಾರೂ ಕೇಳಿರುವುದಿಲ್ಲ, ಯಾಕೆಂದರೆ ಪರೀಕ್ಷೆ ಕೇಳುವುದಿಲ್ಲ. ಮೇಷ್ಟ್ರನ್ನು ಬಯ್ದು ಏನು ಪ್ರಯೋಜನ? ಶಾಲೆಯ ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೇ.

ಆಂತರಿಕ ಮೌಲ್ಯಮಾಪನವಿದೆಯಲ್ಲ ಎನ್ನಬಹುದು. ಹೌದು, 80ರ ಜೊತೆ 20 ಅಂಕ ಶಾಲೆಯ ಕೈಯಲ್ಲಿದೆ. 20ಕ್ಕೆ 17 ಕೊಟ್ಟ ಶಾಲೆಯನ್ನು ಹುಡುಕಿ ನೋಡಿ! ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಕಡತಗಳು ಮಾತ್ರ ದಪ್ಪಗಿರುತ್ತವೆ: ಸ್ಟೇಷನರಿ ಅಂಗಡಿಯ ಚಾರ್ಟಿನಿಂದ ಕತ್ತರಿಸಿ ಅಂಟಿಸಿದ ಜಲಮಾಲಿನ್ಯದ ಚಿತ್ರ, ಸುತ್ತಲೂ ಸ್ಕೆಚ್ ಪೆನ್ನಿನ ಬಾರ್ಡರು, ಅರ್ಧ ಬರೆದದ್ದು ಅಕ್ಕ, ಅರ್ಧ ಅಮ್ಮ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ಅದರ ಅಂಕವನ್ನು ಅಂಕಪಟ್ಟಿಗೆ ಸೇರಿಸಿದ ದಿನವೇ ಅದು ದಾಖಲೆ ತುಂಬುವ ಕೆಲಸವಾಯಿತು.

ಹಾಗೆ ನೋಡಿದರೆ ಇದಕ್ಕಿಂತ ಚೆನ್ನಾಗಿ ಅಳೆಯುವುದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಹಬ್ಬಿತು. ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಮಗು ತನ್ನ ಕಾರ್ಡನ್ನು ತಾನೇ ಹುಡುಕಿಕೊಂಡು ತನ್ನ ಮೆಟ್ಟಿಲಿನ ಕೆಲಸ ಮಾಡುತ್ತದೆ. ಕೂರುವುದೂ ಕ್ರಮಸಂಖ್ಯೆಯಂತೆ ಅಲ್ಲ. ಪೂರ್ತಿ ಶಿಕ್ಷಕರ ಸಹಾಯ ಬೇಕಾದವರು ಒಂದು ‘ತಟ್ಟೆ’ಯಲ್ಲಿ, ಅಂದರೆ ಗುಂಪಿನಲ್ಲಿ, ಗೆಳೆಯರ ಜೊತೆ ಕಲಿಯುವವರು ಇನ್ನೊಂದರಲ್ಲಿ, ತಾವೇ ಮಾಡಿಕೊಳ್ಳುವವರು ಮತ್ತೊಂದರಲ್ಲಿ. ಮೌಲ್ಯಮಾಪನ ಏಣಿಯಲ್ಲೇ ಒಂದು ಮೆಟ್ಟಿಲು. ಅದು ದಾಟದಿದ್ದರೆ ಫೇಲಿಲ್ಲ, ಪರಿಹಾರ ಬೋಧನೆಯ ಕಾರ್ಡು ಇದೆ. ಜ್ವರ ಬಂದು ವಾರ ಬಿಟ್ಟ ಮಗು ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ಮೇಡಂಗೆ ನಾಳೆ ಬೆಳಿಗ್ಗೆ ಯಾವ ಮಗುವಿನ ಪಕ್ಕ ಕೂರಬೇಕೆಂದು ಗೊತ್ತಿರುತ್ತದೆ. ಅಳತೆ ಎಂದರೆ ಇಷ್ಟೇ ತಾನೆ?

ನಲಿ-ಕಲಿಗೆ ದೂರುಗಳೂ ಇವೆ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ಸುಧಾರಿಸಬೇಕು, ಕಾರ್ಡುಗಳು ಹರಿದಿರುತ್ತವೆ, ಪುಸ್ತಕವಿಲ್ಲದ ಓದನ್ನು ತಂದೆತಾಯಿ ನಂಬುವುದಿಲ್ಲ. ಅವನ್ನು ಸರಿಪಡಿಸಿ ಐದನೆಯವರೆಗೆ ಒಯ್ಯುವ ಬದಲು ನಾವು ಮಾಡಿದ್ದೇನು? ಐದು, ಎಂಟು, ಒಂಬತ್ತನೆಯವರಿಗೂ ಬೋರ್ಡ್ ಪರೀಕ್ಷೆ ತಂದೆವು. ಅದು ಹೈಕೋರ್ಟಿನ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಮಗುವಿನ ಪರೀಕ್ಷೆ ದೆಹಲಿಯ ಕಟಕಟೆ ಹತ್ತಿದ್ದು ನಮ್ಮಲ್ಲೇ.

ಎಸ್ಸೆಸ್ಸೆಲ್ಸಿಯನ್ನು ನಾಳೆಯೇ ತೆಗೆದುಹಾಕಿ ಎನ್ನುವಷ್ಟು ಹುಂಬತನ ನನಗಿಲ್ಲ. ಹಳ್ಳಿಯ ಹುಡುಗಿಗೆ ಮದುವೆ ಮುಂದೂಡಿ ಪಿಯುಸಿಗೆ ಹೋಗಲು ಎಷ್ಟೋ ಸಲ ಆ ಅಂಕಪಟ್ಟಿಯೊಂದೇ ಆಧಾರ. ಊರ ಗೌಡರ ಶಿಫಾರಸು ಬೇಡದ ಕಾಗದ ಅದು. ಅದಕ್ಕೇ ಆ ಕಾಗದ ನಿಜ ಹೇಳಬೇಕು.

ಸದ್ಯಕ್ಕೆ ಒಂದು ಸಣ್ಣ ಕೆಲಸ ಸಾಧ್ಯ. 2024ರಲ್ಲಿ ಪರೀಕ್ಷೆ-1, 2, 3 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಕೊಡುವ ಪದ್ಧತಿ ಬಂತು. ಒಳ್ಳೆಯ ನಿರ್ಧಾರ. ಮೊದಲನೆಯದರಲ್ಲಿ ಗಣಿತ ಹೋದ ಹುಡುಗ ಕೆಲವೇ ವಾರಗಳಲ್ಲಿ ಎರಡನೆಯದಕ್ಕೆ ಕೂರುತ್ತಾನೆ. ನಡುವೆ ಶಾಲೆಯಲ್ಲಿ ವಿಶೇಷ ತರಗತಿ. ಅವನು ಯಾವ ಲೆಕ್ಕದಲ್ಲಿ, ಎಷ್ಟನೇ ಸಾಲಿನಲ್ಲಿ ತಪ್ಪಿದ ಎಂಬುದು ಅವನಿಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ. ಆದ್ದರಿಂದ ಮತ್ತೆ ಅದೇ ಪ್ಯಾಕೇಜು, ಅದೇ ಪ್ರಮೇಯ. ಅವನ ತಪ್ಪುಗಳೆಲ್ಲ ಇರುವ ಉತ್ತರ ಪತ್ರಿಕೆ ಮಂಡಳಿಯ ಬಂಡಲಿನಲ್ಲಿದೆ. ಸ್ಕ್ಯಾನ್ ಪ್ರತಿ ಬೇಕಿದ್ದರೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಅದನ್ನು ಕಟ್ಟುವವರು ಹೆಚ್ಚಾಗಿ 620 ಬಂದು 625 ಬೇಕಿದ್ದವರು. 28 ಬಂದವನ ಅಪ್ಪ ಕಟ್ಟುವುದಿಲ್ಲ. ಫೇಲಾದ ಪ್ರತಿ ಮಗುವಿನ ಪ್ರತಿ ವಿಷಯದ ಉತ್ತರ ಪತ್ರಿಕೆ ಫಲಿತಾಂಶದ ವಾರದಲ್ಲೇ, ಅರ್ಜಿಯಿಲ್ಲದೆ, ಕಾಸಿಲ್ಲದೆ, ಅವನ ಶಾಲೆಯ ಮುಖ್ಯೋಪಾಧ್ಯಾಯರ ಲಾಗಿನ್‌ಗೆ ಬರಲಿ. ಕೊಠಡಿ ಕೊಠಡಿಗೂ ಕ್ಯಾಮೆರಾ ಹಾಕಿಸಿ ನೇರಪ್ರಸಾರ ನೋಡಬಲ್ಲ ಇಲಾಖೆಗೆ ಇದು ದೊಡ್ಡ ಖರ್ಚಲ್ಲ.