ಹೊಟ್ಟೆಗೆ ಹೋಗುವುದರ ಹೆಸರೂ ಕನ್ನಡಿಗನಿಗೆ ತಿಳಿಯಬಾರದೇ?

ಕನ್ನಡಿಗರೇ, ಹಲಗೇರಿಯ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ಒಂದು ಬಿಸ್ಕೆಟ್ ಪೊಟ್ಟಣ ಕೈಗೆತ್ತಿಕೊಳ್ಳಿ. ಮುಂದೆ ಗೋಧಿ ತೆನೆಯ ಚಿತ್ರ, ಹಾಲಿನ ಚಿತ್ರ, ನಗುವ ಮಗುವಿನ ಚಿತ್ರ. ಚಿತ್ರಕ್ಕೆ ಭಾಷೆ ಬೇಡ, ಎಲ್ಲರಿಗೂ ಅರ್ಥವಾಗುತ್ತದೆ! ಈಗ ಹಿಂದೆ ತಿರುಗಿಸಿ. ಒಳಗೆ ಏನಿದೆ ಎಂಬ ಅಸಲಿ ಸಂಗತಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿದೆ. ಆಸೆ ಹುಟ್ಟಿಸುವುದು ಚಿತ್ರದಲ್ಲಿ, ನಿಜ ಹೇಳುವುದು ಪರಭಾಷೆಯಲ್ಲಿ. ಇದು ವ್ಯಾಪಾರವೋ, ಕಣ್ಣಿಗೆ ಮಣ್ಣೆರಚುವ ಕೆಲಸವೋ?

‘ರಿಫೈನ್ಡ್ ವೀಟ್ ಫ್ಲೋರ್’ ಅಂದರೆ ಬೇರೇನೂ ಅಲ್ಲ, ಮೈದಾ. ‘ಇನ್ವರ್ಟ್ ಸಿರಪ್’, ‘ಲಿಕ್ವಿಡ್ ಗ್ಲೂಕೋಸ್’, ‘ಡೆಕ್ಸ್‌ಟ್ರೋಸ್’ ಎಲ್ಲವೂ ಸಕ್ಕರೆಯ ವೇಷಗಳು. ‘ಮಾಲ್ಟೋಡೆಕ್ಸ್‌ಟ್ರಿನ್’ ಹೊಟ್ಟೆಗೆ ಹೋದೊಡನೆ ಸಕ್ಕರೆಯಾಗುವ ಪಿಷ್ಟ. ಇಂಗ್ಲಿಷ್ ಓದಿದವರಿಗೇ ಸರಿಯಾಗಿ ಗೊತ್ತಿಲ್ಲದ ಈ ಹೆಸರುಗಳನ್ನು ಹೊಲದಿಂದ ಬಂದ ತಾಯಿ ಹೇಗೆ ಓದಬೇಕು?

ಇದು ಕಂಪನಿಗಳ ಸೊಕ್ಕು ಮಾತ್ರವಲ್ಲ, ದೆಹಲಿಯ ದೊರೆಗಳೇ ಕೊಟ್ಟ ಪರವಾನಗಿ! ಆಹಾರದ ಪೊಟ್ಟಣಗಳ ಬಗ್ಗೆ ಕೇಂದ್ರದ ಪ್ರಾಧಿಕಾರ 2020ರಲ್ಲಿ ಮಾಡಿದ ನಿಯಮ ಏನನ್ನುತ್ತದೆ? ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯಲ್ಲೂ ಮುದ್ರಿಸಿದರೆ ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ! ಕನ್ನಡದ ಹಣ ಕಡ್ಡಾಯ, ಕನ್ನಡದ ಅಕ್ಷರ ಐಚ್ಛಿಕ!

ನಮ್ಮ ವಿಧಾನಸೌಧ ಏನು ಮಾಡಿದೆ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ತಂದಿತು, ಒಳ್ಳೆಯದೇ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಆದರೆ ಬಿಸ್ಕೆಟ್ ತಿನ್ನುವ ವಿಧಾನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದರೊಳಗೆ ಏನಿದೆ, ಅದನ್ನು ಹೇಳಿ! ಹೊರರಾಜ್ಯದಿಂದ ಬಂದ ಪೊಟ್ಟಣಕ್ಕಂತೂ ಈ ಮಾತೂ ತಾಗುವುದಿಲ್ಲ.

ಪೊಟ್ಟಣದಲ್ಲಿ ಜಾಗವಿಲ್ಲ ಎನ್ನುವವರಿಗೆ ಒಂದು ಪ್ರಶ್ನೆ. ಕೊಲ್ಲಿ ದೇಶಗಳಿಗೆ ಮಾಲು ಕಳಿಸುವಾಗ ಅರಬ್ಬಿ ಅಕ್ಷರಕ್ಕೆ ಜಾಗ ಎಲ್ಲಿಂದ ಬರುತ್ತದೆ? ಕೆನಡಾಕ್ಕೆ ಕಳಿಸುವಾಗ ಫ್ರೆಂಚ್ ಅಕ್ಷರಕ್ಕೆ? ಅಲ್ಲಿ ಕಾನೂನಿನ ಭಯವಿದೆ. ಇಲ್ಲಿ ಕನ್ನಡಿಗನ ಸೌಜನ್ಯವಿದೆ!

ಇನ್ನೊಂದು ವಿಚಿತ್ರ ನೋಡಿ. ಹಾವೇರಿ ಜಿಲ್ಲೆಯ ರೈತ ಬಿಳಿಜೋಳ ಬಿಟ್ಟು ಗೋವಿನಜೋಳ ಹಾಕಿದ. ಆ ಗೋವಿನಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆ ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಮಾಲ್ಟೋಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್ ತಯಾರಾಗುವುದು ಇಂಥ ಪಿಷ್ಟದಿಂದಲೇ. ನಾವು ಬೆಳೆದ ಕಾಳೇ ಹೆಸರು ಬದಲಿಸಿಕೊಂಡು ನಮ್ಮೂರ ಅಂಗಡಿಗೆ ಮರಳಿದರೂ ಗುರುತು ಹಿಡಿಯಲಾರದ ಗತಿ ನಮ್ಮದು!

ಕಳೆದುಕೊಂಡದ್ದೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ರಾಗಿ ಮತ್ತು ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ. ಮೈದಾದಲ್ಲೂ ಪಾಲಿಶ್ ಅಕ್ಕಿಯಲ್ಲೂ 3 ಗ್ರಾಂ ಕೂಡ ಇಲ್ಲ. ನಾರು ಇದ್ದರೆ ಪಿಷ್ಟ ನಿಧಾನ ಕರಗುತ್ತದೆ, ರಕ್ತಕ್ಕೆ ಸಕ್ಕರೆ ನಿಧಾನ ಏರುತ್ತದೆ. ಇದು ಸಣ್ಣ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದು ಅದು ಅಂದಾಜಿಸಿತು. ಅದು ಪಟ್ಟಣದ ಸಾಹುಕಾರರ ಕಾಯಿಲೆ ಎಂಬ ಕಾಲ ಹೋಯಿತು.

ಕಾನೂನು ಬದಲಾಗುವವರೆಗೆ ಕಾಯಬೇಡಿ. ಪೊಟ್ಟಣದ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು ಬರುತ್ತದೆ, ಇದು ನಿಯಮ. ಇಂಗ್ಲಿಷ್ ಬಲ್ಲ ಶಾಲೆಯ ಮಕ್ಕಳಿಂದ ಮೊದಲ ಮೂರು ಹೆಸರು ಓದಿಸಿ. ಮೈದಾ ಅಥವಾ ಸಕ್ಕರೆ ಅಲ್ಲಿದ್ದರೆ ವಾಪಸು ಇಡಿ. ‘ಮಲ್ಟಿಗ್ರೇನ್’ ಎಂದು ಬರೆದಿದ್ದರೆ ಆ ಧಾನ್ಯ ಶೇಕಡಾ ಎಷ್ಟಿದೆ ಕೇಳಿ. ಬ್ರೆಡ್ಡಿನ ಕಂದು ಬಣ್ಣ ನಂಬಬೇಡಿ, ಬಣ್ಣ ಬೆರೆಸಿಯೂ ಬರುತ್ತದೆ. 100 ಗ್ರಾಮಿಗೆ 25 ಗ್ರಾಂ ಸಕ್ಕರೆ ಎಂದಿದ್ದರೆ ಅದು ಐದಾರು ಚಮಚ! ಅದರ ಬದಲು ಜೋಳ, ನವಣೆ, ಸಾವಿ, ಹೆಸರು, ಮಡಕಿಕಾಳು ಕೊಳ್ಳಿ. ಸಂತೆಯ ಚೀಲದಲ್ಲಿರುವ ಜೋಳಕ್ಕೆ ಚೀಟಿಯೇ ಬೇಡ, ಕಣ್ಣಿಗೆ ಕಾಣುವುದೇ ಅದರ ವಿವರ. ರೊಟ್ಟಿಯನ್ನೂ ಲೆಕ್ಕವಿಲ್ಲದೆ ತಿಂದರೆ ಸಕ್ಕರೆ ಏರುತ್ತದೆ, ನಿಜ. ಜೊತೆಗೆ ಕಾಳುಪಲ್ಯ, ಸೊಪ್ಪು ಇರಲಿ.

ರೊಟ್ಟಿ ಬಡವರದು, ಬ್ರೆಡ್ ದೊಡ್ಡವರದು ಎಂಬ ಕೀಳರಿಮೆ ಬಿಡಿ!

ನಮ್ಮ ಬೇಡಿಕೆ ಸ್ಪಷ್ಟ. ಕರ್ನಾಟಕದಲ್ಲಿ ಮಾರುವ ಪ್ರತಿ ಆಹಾರ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ಸಕ್ಕರೆಯ ಪ್ರಮಾಣ ಕನ್ನಡದಲ್ಲಿ, ಓದಲು ಬರುವ ಅಳತೆಯ ಅಕ್ಷರದಲ್ಲಿ ಇರಬೇಕು. ‘ಮೈದಾ’ ಎಂಬ ಎರಡಕ್ಷರ ಮುದ್ರಿಸಲು ಯಾವ ಕಂಪನಿಯೂ ದಿವಾಳಿಯಾಗುವುದಿಲ್ಲ. ನಮ್ಮ ಶಾಸಕರು, ಸಂಸದರು ಇದಕ್ಕೆ ಬಾಯಿ ಬಿಡಲಿ. ಅಲ್ಲಿಯವರೆಗೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಪ್ರತಿಯೊಬ್ಬ ಕನ್ನಡಿಗನೂ ಕೇಳಲಿ: ಇದರೊಳಗೆ ಏನಿದೆ, ಕನ್ನಡದಲ್ಲಿ ಹೇಳು!