ಮೊದಲು ದೀರ್ಘ, ಆಮೇಲೆ ಡಬಲ್ ಇ

ಎರಡು ಸಾವಿರ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವುದಾಗಿ 2024–25ರ ರಾಜ್ಯ ಬಜೆಟ್ ಹೇಳಿದಂದಿನಿಂದ ಹಳೆಯ ಜಗಳವೇ ಮುಂದುವರಿದಿದೆ. ಒಂದು ಬಣಕ್ಕೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬೇಕು, ಇನ್ನೊಂದಕ್ಕೆ ಬೇಡವೇ ಬೇಡ. ಸಕಲೇಶಪುರ, ಆಲೂರಿನ ತೋಟದ ಕಾರ್ಮಿಕರ ಲೈನುಗಳಲ್ಲಿ ಈ ಪ್ರಶ್ನೆ ಎಂದೋ ಮುಗಿದಿದೆ. ಮಾಲೀಕರ ಮಕ್ಕಳಿಗೆ ಸಿಕ್ಕ ಇಂಗ್ಲಿಷ್ ತಮ್ಮ ಮಕ್ಕಳಿಗೂ ಸಿಗಲಿ ಎನ್ನುವ ತಾಯಿಗೆ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.

ನನ್ನ ತಕರಾರು ಬೇರೆ. ಒಂದು, ಎರಡನೇ ತರಗತಿಯಲ್ಲಿ ಇಂಗ್ಲಿಷ್ ಮಾತು, ಹಾಡು, ಕತೆ ಎಷ್ಟು ಬೇಕಾದರೂ ಇರಲಿ, ಸ್ಪೆಲಿಂಗ್ ಬೇಡ. ಅದರಲ್ಲೂ ಎರಡು ಅಕ್ಷರ ಜೋಡಿಯಾಗಿ ಒಂದು ದೀರ್ಘಸ್ವರವಾಗುವ ಪದಗಳ ಬಾಯಿಪಾಠ ಕೂಡಲೇ ನಿಲ್ಲಬೇಕು.

ಎರಡೂ ಬಣಗಳು ಕಣ್ಣೆತ್ತಿ ನೋಡದ ಅಂಕಿಯೊಂದಿದೆ: 34. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು ಯುರೋಪಿನ 13 ಭಾಷೆಗಳ ಮಕ್ಕಳ ಓದನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಮೊದಲ ವರ್ಷದ ಕೊನೆಗೆ ಫಿನ್ನಿಶ್, ಗ್ರೀಕ್ ಮಕ್ಕಳು ಪರಿಚಿತ ಪದಗಳಲ್ಲಿ ಶೇ 98ರಷ್ಟನ್ನು ಸರಿಯಾಗಿ ಓದಿದರು. ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಶೇ 34. ಇವರು ವಯಸ್ಸಿನಲ್ಲಿ ಚಿಕ್ಕವರು ಎಂಬ ಆಕ್ಷೇಪ ಉಂಟು. ಆದರೆ ಎರಡನೇ ವರ್ಷದ ಕೊನೆಗೂ ಅವರು ಮುಟ್ಟಿದ್ದು ಶೇ 76. ಇಂಗ್ಲಿಷ್ ವಾತಾವರಣದಲ್ಲೇ ಬೆಳೆದ ಮಕ್ಕಳ ಕತೆ ಇದು!

ಕಾರಣ ಮಕ್ಕಳಲ್ಲಿಲ್ಲ, ಬರವಣಿಗೆಯಲ್ಲಿದೆ. ನೋಡು ಎನ್ನುವ 'ಸೀ'ಗೆ ಡಬಲ್ ಇ, ಸಮುದ್ರದ 'ಸೀ'ಗೆ ಇ-ಎ, 'ಫೀಲ್ಡ್'ಗೆ ಐ-ಇ, 'ಕೀ'ಗೆ ಇ-ವೈ. ತಿರುಗಿಸಿ ನೋಡಿದರೆ ಇನ್ನೂ ಗೋಜಲು: ಅದೇ ಇ-ಎ ಜೋಡಿ 'ಬ್ರೆಡ್'ನಲ್ಲಿ ಎ, 'ಗ್ರೇಟ್'ನಲ್ಲಿ ಏ.

ಇದನ್ನು ಹೆತ್ತೂರು, ಯಸಳೂರು, ಹಾನುಬಾಳಿನ ಕಡೆಯ ಆರು ವರ್ಷದ ಮಗುವಿನ ಮುಂದಿಡುತ್ತಿದ್ದೇವೆ. ಮನೆಯಲ್ಲಿ ತುಳುವೋ ತಮಿಳೋ ಇರಬಹುದು, ಈಚೆಗೆ ಅಸ್ಸಾಮಿಯೂ ಇರಬಹುದು. ಕನ್ನಡವೇ ಅದಕ್ಕೆ ಶಾಲೆಯ ನುಡಿ. ಜುಲೈ ಬಂತೆಂದರೆ ಮಳೆರಜೆ. ಶಾಲೆ ನಡೆದ ದಿನಗಳಲ್ಲಿ ನಲಿಕಲಿ ಕೋಣೆಯೊಂದರಲ್ಲೇ ಮೂರು ತರಗತಿ. ಕನ್ನಡದ ಅಕ್ಷರಜ್ಞಾನವಾದರೂ ಬೇಗ ಕೈಗೆ ಬರುತ್ತದೆಯೇ? ಇಲ್ಲ. ಅದು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. 'ಕೆ'ಗೆ ದೀರ್ಘ ಕೊಟ್ಟರೆ 'ಕೇ' ಎಂಬುದು ಇನ್ನೂ ಕೂರದ ಕೈಗೆ ಡಬಲ್ ಇ, ಇ-ಎ, ಐ-ಇ ತುರುಕಿದರೆ ಎರಡೂ ಕೆಡುತ್ತವೆ.

ಇಂಗ್ಲೆಂಡಿನಲ್ಲಿ ಐದು ವರ್ಷಕ್ಕೇ ಕಲಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಲಿಸುತ್ತಾರೆ, ಹೇಗೆಂದು ನೋಡಿ. ಓದು ಕಲಿಸುವ ಬಗೆ ಕುರಿತ 2006ರ ಜಿಮ್ ರೋಸ್ ವರದಿಯ ನಂತರ ಅಲ್ಲಿ ಮೊದಲು ಒಂದು ಧ್ವನಿಗೆ ಒಂದೇ ಬರಹರೂಪ. ಅದು ಗಟ್ಟಿಯಾದ ಮೇಲೆ ಉಳಿದವು. ಅಷ್ಟು ಶಿಸ್ತಿನಲ್ಲಿ ಕಲಿಸಿಯೂ 2012ರ ಮೊದಲ ರಾಷ್ಟ್ರೀಯ ಪರೀಕ್ಷೆಯಲ್ಲಿ, 40 ಪದಗಳನ್ನು ಗಟ್ಟಿಯಾಗಿ ಓದಬೇಕಿದ್ದಲ್ಲಿ, ನಿಗದಿತ ಮಟ್ಟ ಮುಟ್ಟಿದ್ದು ಶೇ 58 ಮಕ್ಕಳು. ನಮ್ಮಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ. 'ಆರ್ ಎ ಐ ಎನ್ ರೇನ್' ಎಂದು ರಾಗವಾಗಿ ಒಪ್ಪಿಸುವ ಮಗು, ಅದೇ ಎ-ಐ ಇರುವ 'ಟ್ರೇನ್' ಕಂಡಾಗ ತಡವರಿಸಿದರೆ ಅದು ಓದು ಕಲಿತಿಲ್ಲ ಎಂದೇ ಅರ್ಥ.

ಕಾಯುವುದರಿಂದ ನಷ್ಟವಿಲ್ಲ, ಲಾಭವೇ ಇದೆ. ಎ-ಏ, ಒ-ಓ ಬೇರೆ ಬೇರೆ ಎಂದು ಕಿವಿಗೂ ಕೈಗೂ ಗೊತ್ತಾದ ಮೂರನೇ ತರಗತಿಯ ಮಗು 'ರೇನ್'ನಲ್ಲಿ ಏ, 'ಬೋಟ್'ನಲ್ಲಿ ಓ ಇದೆಯೆಂದು ತಾನೇ ಹೇಳುತ್ತದೆ. ಧ್ವನಿ ಹಳೆಯದು, ಅಕ್ಷರದ ಜೋಡಿ ಮಾತ್ರ ಹೊಸದು. ಆಗ ಡಬಲ್ ಇ, ಎ-ಐ, ಒ-ಎ ಮೂರನ್ನೇ ಹಿಡಿದು ತಿಂಗಳುಗಟ್ಟಲೆ ಓದಿಸಿ. ಉಕ್ತಲೇಖನ ಕೊಡುವಾಗ ಪದವನ್ನು ಧ್ವನಿಯಾಗಿ ಬಿಡಿಸಿ ಹೇಳಿ, ಅಕ್ಷರದ ಹೆಸರಾಗಿ ಅಲ್ಲ. ಇ-ಎ, ಐ-ಇಗಳು ನಾಲ್ಕನೇ ತರಗತಿಗೆ ಬರಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಹಾಸನದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಈ ಅನುಕ್ರಮವನ್ನು ಬರೆದು, ಎರಡೂ ತಾಲ್ಲೂಕುಗಳ ನಲಿಕಲಿ ಶಿಕ್ಷಕರನ್ನು ಬೇಸಿಗೆ ರಜೆ ಮುಗಿಯುವ ಮೊದಲೇ ಕೂರಿಸಿ ಕಲಿಸಲಿ. ಆ ತರಬೇತಿ ಆಗದ ಶಾಲೆಗೆ ದ್ವಿಭಾಷಾ ಫಲಕ ಬರೆಸುವ ಆತುರ ಇಲಾಖೆಗೆ ಬೇಡ.