ಆಸ್ಪತ್ರೆ ತೀರಿಸಬೇಕಾದ ಋಣ

ಮೇ 12 ಬಂತೆಂದರೆ ನಮ್ಮ ಆಸ್ಪತ್ರೆಗಳ ಸಭಾಂಗಣಗಳಲ್ಲಿ ದೀಪಗಳು ಬೆಳಗುತ್ತವೆ. ನರ್ಸ್‌ಗಳು ಕೈಯಲ್ಲಿ ಮೇಣದಬತ್ತಿ ಹಿಡಿದು ಪ್ರತಿಜ್ಞೆ ಓದುತ್ತಾರೆ. ಆಡಳಿತ ಮಂಡಳಿಯವರು ಕೇಕ್ ಕತ್ತರಿಸುತ್ತಾರೆ, ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಸಿಸ್ಟರ್ ಒಬ್ಬರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಈ ಆಚರಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ದುಡಿಯುವವರಿಗೆ ಒಂದು ದಿನವಾದರೂ ವೇದಿಕೆ ಸಿಗುವುದು ಒಳ್ಳೆಯದೇ. ಆದರೆ ಆಸ್ಪತ್ರೆ ತನ್ನ ನರ್ಸ್‌ಗಳಿಗೆ ಸಲ್ಲಿಸಬೇಕಾದ ಕೃತಜ್ಞತೆ ಇದೇ ರೂಪದಲ್ಲಿರಬೇಕೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಆ ದಿನ ಯಾರ ಹುಟ್ಟುಹಬ್ಬವೋ ಆ ಫ್ಲಾರೆನ್ಸ್ ನೈಟಿಂಗೇಲ್ ಅವರಿಂದಲೇ ಶುರುಮಾಡಬಹುದು. ಕ್ರೈಮಿಯಾ ಯುದ್ಧದ ದೀಪಧಾರಿಣಿಯಾಗಿ ಅವರು ನಮಗೆಲ್ಲ ಪರಿಚಿತರು. ಆ ಯುದ್ಧದ ಗಾಯಾಳುಗಳ ಆರೈಕೆಗೆ ಹೋಗುವುದಕ್ಕೂ ಒಂದು ವರ್ಷ ಮೊದಲು, 1853ರಲ್ಲಿ, ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಮಹಿಳೆಯರ ಒಂದು ಪುಟ್ಟ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ಸೇರುವಾಗ ಅವರು ಕೇಳಿದ್ದು ಏನು? ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ರೋಗಿಗಳ ಊಟವನ್ನು ಮೇಲಕ್ಕೆ ಎಳೆದುಕೊಳ್ಳಲು ಯಂತ್ರದ ವ್ಯವಸ್ಥೆ ಬೇಕು. ಗಂಟೆ ಬಾರಿಸಿದ ರೋಗಿ ಯಾರೆಂದು ಅದೇ ಮಹಡಿಯಲ್ಲಿರುವ ನರ್ಸ್‌ಗೆ ಕೂಡಲೇ ಗೊತ್ತಾಗುವಂತಿರಬೇಕು. ಇದಿಲ್ಲದಿದ್ದರೆ ನರ್ಸ್ ಎಂದರೆ ಬರೀ ಓಡಾಡುವ ಎರಡು ಕಾಲುಗಳಾಗಿಬಿಡುತ್ತಾಳೆ ಎಂಬುದು ಅವರ ವಾದ. ಹಾಡಿ ಹೊಗಳಬೇಕೆಂದು ಅವರು ಕೇಳಲಿಲ್ಲ. ಮೆಟ್ಟಿಲು ಹತ್ತಿಳಿಯುವುದರಲ್ಲಿ ಸವೆದುಹೋಗುವ ಶಕ್ತಿ ರೋಗಿಯ ಹಾಸಿಗೆಯ ಬಳಿ ಬಳಕೆಯಾಗುವಂತೆ ಕಟ್ಟಡ ಇರಲಿ ಎಂದರು. ನೂರೆಪ್ಪತ್ತು ವರ್ಷಗಳಾದ ಮೇಲೂ ನಮ್ಮ ಎಷ್ಟೋ ವಾರ್ಡುಗಳಲ್ಲಿ ಒಂದು ಬಾಟಲಿ ಗ್ಲೂಕೋಸಿಗಾಗಿ, ಒಂದು ಗಾಲಿಕುರ್ಚಿಗಾಗಿ, ಲ್ಯಾಬಿನ ಒಂದು ರಿಪೋರ್ಟಿಗಾಗಿ ಸಿಸ್ಟರ್‌ಗಳೇ ಮಹಡಿಯಿಂದ ಮಹಡಿಗೆ ಓಡುವುದನ್ನು ಕಾಣಬಹುದು.

ಇಲ್ಲಿ ನನಗೆ ಕಾಣುವ ವ್ಯತ್ಯಾಸ ಇಷ್ಟು. ನರ್ಸ್‌ಗೆ ಕೃತಜ್ಞರಾಗಿರಬೇಕಾದವರು ಇಬ್ಬರು: ರೋಗಿ ಮತ್ತು ಆಸ್ಪತ್ರೆ. ಇಬ್ಬರ ಋಣವೂ ಒಂದೇ ಅಲ್ಲ, ಅದನ್ನು ತೀರಿಸುವ ಬಗೆಯೂ ಒಂದೇ ಅಲ್ಲ. ರೋಗಿಯ ಕೈಯಲ್ಲಿ ಇರುವುದು ಮಾತು, ಒಂದು ನಗು, ಡಿಸ್ಚಾರ್ಜ್ ದಿನದ ಒಂದು ಸಿಹಿ ಪೊಟ್ಟಣ. ಅವನು ಅಷ್ಟು ಕೊಟ್ಟರೆ ಪೂರ್ತಿ ಕೊಟ್ಟಂತೆ. ಆಸ್ಪತ್ರೆಯ ಕೈಯಲ್ಲಿ ಡ್ಯೂಟಿ ಪಟ್ಟಿ ಇದೆ, ಸಂಬಳದ ಖಾತೆ ಇದೆ, ನೇಮಕದ ಅಧಿಕಾರ ಇದೆ, ಕಟ್ಟಡದ ಬೀಗದ ಕೈ ಇದೆ. ಇಷ್ಟೆಲ್ಲ ಇರುವ ಸಂಸ್ಥೆ ರೋಗಿಯ ಹಾಗೆ ಬರೀ ಮಾತು ಮತ್ತು ಸಿಹಿ ಕೊಟ್ಟು ಕೈತೊಳೆದುಕೊಂಡರೆ ತನ್ನ ಪಾಲಿನದನ್ನು ಕೊಡಲೇ ಇಲ್ಲ ಎಂದರ್ಥ.

ರೋಗಿಯ ಮಾತಿನ ಬೆಲೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆ ಮಾತು ನರ್ಸ್‌ಗೆ ಮುಟ್ಟುವಂತೆ ಮಾಡುವುದೂ ಆಸ್ಪತ್ರೆಯ ಕೆಲಸವೇ. ಅಮೆರಿಕದಲ್ಲಿ 1999ರಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬ 33 ವರ್ಷದ ಯುವಕ ತೀರಿಕೊಂಡ ಮೇಲೆ, ಅವನನ್ನು ನೋಡಿಕೊಂಡ ನರ್ಸ್‌ಗಳಿಗೆ ಧನ್ಯವಾದ ಹೇಳಬೇಕೆಂದು ಅವನ ಮನೆಯವರು ‘ಡೈಸಿ’ ಪ್ರಶಸ್ತಿ ಶುರುಮಾಡಿದರು. ಈಗ ಅದು ಹಲವು ದೇಶಗಳ ಆಸ್ಪತ್ರೆಗಳಿಗೆ ಹಬ್ಬಿದೆ. ಅದರಲ್ಲಿ ನನಗೆ ಹಿಡಿಸಿದ್ದು ಪ್ರಶಸ್ತಿಗಿಂತ ಹೆಚ್ಚಾಗಿ ಹೆಸರು ಸೂಚಿಸುವ ಕ್ರಮ. ರೋಗಿಯೋ ಮನೆಯವರೋ ನರ್ಸ್ ಏನು ಮಾಡಿದರು ಎಂಬುದನ್ನು ಬಿಡಿಸಿ ಬರೆಯಬೇಕು. ನಮ್ಮಲ್ಲಿ ಗುಣವಾಗಿ ಹೊರಡುವವರು ಡಾಕ್ಟರ ಕಾಲಿಗೆ ನಮಸ್ಕರಿಸುತ್ತಾರೆ, ಪತ್ರಿಕೆಯಲ್ಲಿ ಕೃತಜ್ಞತೆಯ ಜಾಹೀರಾತು ಕೊಟ್ಟರೂ ಡಾಕ್ಟರ ಹೆಸರೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಉಸಿರಾಟದ ಲಯ ತಪ್ಪಿದ್ದನ್ನು ಮೊದಲು ಗಮನಿಸಿ ಡ್ಯೂಟಿ ಡಾಕ್ಟರನ್ನು ಎಬ್ಬಿಸಿದವರು ಯಾರು ಎಂಬುದು ಕೇಸ್ ಶೀಟಿನ ಒಳಪುಟದಲ್ಲಿ ಒಂದು ಸಹಿಯಾಗಿ ಉಳಿಯುತ್ತದೆ. ಆ ಸಹಿಯ ಹಿಂದಿನ ಹೆಸರನ್ನು ರೋಗಿಗೆ ತಿಳಿಸುವುದು ಕಷ್ಟದ ಕೆಲಸವೇನಲ್ಲ.

ಹೊಗಳಿಕೆಯಲ್ಲಿ ಒಂದು ಬಗೆ ಮಾತ್ರ ನನಗೆ ಅಪಾಯಕಾರಿ ಎನ್ನಿಸುತ್ತದೆ. ಅದು ನರ್ಸ್‌ಗಳನ್ನು ದೇವತೆಗಳನ್ನಾಗಿಸುವ ಹೊಗಳಿಕೆ. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೇ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು, ತಟ್ಟೆ ಬಾರಿಸಿತು. ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರುಗಳು ಹೂ ಸುರಿದವು. ಆ ಹೊತ್ತಿನ ಜನರ ಭಾವನೆ ನಿಜವಾದದ್ದೇ. ಆದರೆ ಅದೇ ದಿನಗಳಲ್ಲಿ ಎಷ್ಟೋ ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿಮಾಡಿ ಎಂಬ ಮಾತೂ ಕೇಳಿಬಂತು, ಗುತ್ತಿಗೆಯ ಮೇಲೆ ದುಡಿಯುತ್ತಿದ್ದವರು ಗುತ್ತಿಗೆಯಲ್ಲೇ ಉಳಿದರು. ದೇವತೆಗೆ ದಣಿವಿಲ್ಲ, ಹಸಿವಿಲ್ಲ, ಮಗುವಿನ ಶಾಲೆಯ ಫೀಸಿಲ್ಲ. ಹಾಗೆಂದು ಒಮ್ಮೆ ಒಪ್ಪಿಕೊಂಡರೆ ಆಕೆ ಸಂಬಳ ಹೆಚ್ಚಿಸಿ ಎಂದು ಕೇಳಿದ್ದೇ ಅಪಚಾರವಾಗಿ ಕಾಣತೊಡಗುತ್ತದೆ. ನರ್ಸಿಂಗ್ ಒಂದು ವೃತ್ತಿ. ಅದಕ್ಕೆ ಓದು ಬೇಕು, ಅಭ್ಯಾಸ ಬೇಕು, ತೀರ್ಮಾನ ತೆಗೆದುಕೊಳ್ಳುವ ಬುದ್ಧಿ ಬೇಕು. ಅದನ್ನು ಗೌರವಿಸುವುದೆಂದರೆ ಮೊದಲು ಅದನ್ನು ವೃತ್ತಿಯೆಂದು ಒಪ್ಪಿಕೊಳ್ಳುವುದು.

ಸಂಬಳದ ಮಾತು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಭಾರತೀಯ ತರಬೇತಿ ಹೊಂದಿದ ನರ್ಸ್‌ಗಳ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು. ಹಾಸಿಗೆಗಳು ಕಡಿಮೆಯಾದಂತೆ ಸ್ವಲ್ಪ ರಿಯಾಯಿತಿ ಇದೆಯಾದರೂ 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಕೇರಳದ ನರ್ಸ್‌ಗಳು ಬೀದಿಗಿಳಿದು ಹೋರಾಡಿದ್ದರಿಂದ ಅಲ್ಲಿನ ಸರ್ಕಾರ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಉಳಿದ ಹಲವು ಕಡೆ ಶಿಫಾರಸು ಶಿಫಾರಸಾಗಿಯೇ ಉಳಿಯಿತು. ಹೊಸದಾಗಿ ಸೇರಿದ ಹುಡುಗಿಯ ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿಟ್ಟುಕೊಂಡು, ಬಾಂಡ್ ಬರೆಸಿಕೊಂಡು, ಬಿಟ್ಟುಹೋಗದಂತೆ ಕಟ್ಟಿಹಾಕುವ ಪದ್ಧತಿಯ ಬಗ್ಗೆಯೂ ಆ ಹೋರಾಟಗಳಲ್ಲೇ ದೂರು ಎದ್ದಿತ್ತು. ಅಂಥ ಕಪಾಟು ಇರುವ ಕಟ್ಟಡದಲ್ಲಿ ಯಾವ ಸನ್ಮಾನಕ್ಕೂ ಅರ್ಥ ಬರುವುದಿಲ್ಲ.

ಸಂಬಳಕ್ಕಿಂತಲೂ ಹೆಚ್ಚಾಗಿ ನರ್ಸ್‌ಗಳನ್ನು ಒಳಗಿನಿಂದ ಸವೆಸುವುದು ಇನ್ನೊಂದಿದೆ: ಕಲಿತ ಕೆಲಸವನ್ನು ಕಲಿತ ಹಾಗೆ ಮಾಡಲಾಗದ ಸಂಕಟ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಉಳಿದ ಕಡೆ ಐವರಿಗೆ ಒಬ್ಬರು ನರ್ಸ್ ಇರಬೇಕು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕ ಒಂದು ರಾತ್ರಿ ಕಳೆದವರಿಗೆ ವಾಸ್ತವ ಏನೆಂದು ಗೊತ್ತು. ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ. ಇಂಜೆಕ್ಷನ್ ಕೊಟ್ಟು ಮುಗಿಸುವಷ್ಟರಲ್ಲಿ ಮೊದಲ ಹಾಸಿಗೆಯ ಡ್ರಿಪ್ ಖಾಲಿಯಾಗಿರುತ್ತದೆ. ಮಲಗಿದಲ್ಲೇ ಇರುವ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು ಎಂದು ಪಾಠದಲ್ಲಿ ಕಲಿತದ್ದು ನೆನಪಿದೆ, ಕೈ ಬಿಡುವಾಗುವುದಿಲ್ಲ. ನಾಲ್ಕು ದಿನದ ಮೇಲೆ ಅಜ್ಜಿಯ ಬೆನ್ನಲ್ಲಿ ಹುಣ್ಣು ಕಾಣಿಸಿದಾಗ ಮನೆಯವರು ಬೈಯುವುದು ಆ ಸಿಸ್ಟರ್‌ಗೆ. ಆಕೆ ತನ್ನನ್ನು ತಾನೇ ಬೈದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಇದು ಮನಸ್ಸಿನ ನೋವಿನ ಮಾತಷ್ಟೇ ಅಲ್ಲ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುವುದು ಕಂಡಿತು. ನರ್ಸ್‌ಗಳು ಬಸವಳಿದು ಕುಸಿಯುವ ಸಂಭವ ಶೇ 23ರಷ್ಟು ಏರುವುದೂ ಅದೇ ಅಧ್ಯಯನದಲ್ಲಿತ್ತು. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನು ಮಾಡಿ, 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಮಿತಿಯನ್ನು ಜಾರಿಗೆ ತಂದರು. ಅದು ಪ್ರಶಸ್ತಿಯಲ್ಲ, ಸನ್ಮಾನವೂ ಅಲ್ಲ. ಆದರೂ ನರ್ಸ್‌ನ ಕೆಲಸಕ್ಕೆ ಬೆಲೆಯಿದೆ ಎಂದು ಒಂದು ಸಮಾಜ ಹೇಳಬಹುದಾದ ಗಟ್ಟಿ ಮಾತುಗಳಲ್ಲಿ ಅದೂ ಒಂದು ಎಂದು ನಾನು ನಂಬುತ್ತೇನೆ.

ಈ ವಾದಕ್ಕೆ ನಮ್ಮವರದೇ ಒಂದು ಕಥೆ ಇದೆ. ಅರುಣಾ ಶಾನಭಾಗ್ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನ ಸಫಾಯಿ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ಹರಿಯದೆ ಅವರು ಮತ್ತೆಂದೂ ಎದ್ದು ನಡೆಯಲಿಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಕೆಇಎಂನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಹಾಸಿಗೆ ತೆರವು ಮಾಡಿಸಲು ಆಸ್ಪತ್ರೆ ನಡೆಸುವ ಪಾಲಿಕೆ ಮುಂದಾದಾಗ ಪ್ರತಿಭಟಿಸಿ ತಡೆದರು. ಅರುಣಾ ಪ್ರಕರಣದ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನರ್ಸ್‌ಗಳ ಸೇವೆಯನ್ನು ಮನಸಾರೆ ಕೊಂಡಾಡಿತು. ಆ ಕೊಂಡಾಟಕ್ಕೆ ಅವರು ನೂರಕ್ಕೆ ನೂರು ಅರ್ಹರು. ಆದರೆ ದಾಳಿ ನಡೆದ ಹೊಸತರಲ್ಲಿ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿ ಕೇಳಿದ್ದು ಕೊಂಡಾಟವನ್ನಲ್ಲ, ಅರುಣಾಗೆ ಒಳ್ಳೆಯ ಆರೈಕೆ ಮತ್ತು ತಮಗೆ ಒಳ್ಳೆಯ ಕೆಲಸದ ವಾತಾವರಣವನ್ನು. ಕೇಂದ್ರ ಸರ್ಕಾರ ನರ್ಸ್‌ಗಳಿಗಾಗಿ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಸ್ಥಾಪಿಸಿದ್ದೂ ಅದೇ 1973ರಲ್ಲಿ. ಪ್ರಶಸ್ತಿ ಬಂತು, ಬೀಗವಿರುವ ಕೋಣೆ ಬರುವುದು ತಡವಾಯಿತು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ಮಲಗಿದ್ದ ಯುವ ವೈದ್ಯೆಯ ಕೊಲೆಯಾದಾಗ, ಐವತ್ತು ವರ್ಷಗಳಲ್ಲಿ ಎಷ್ಟು ಕಡಿಮೆ ಬದಲಾಗಿದೆ ಎಂದು ದೇಶಕ್ಕೆ ಕಂಡಿತು.

ಹಾಗಾದರೆ ನರ್ಸ್‌ಗಳು ಬಿಟ್ಟುಹೋಗದ ಆಸ್ಪತ್ರೆ ಹೇಗಿರುತ್ತದೆ? 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ತೀವ್ರ ಕೊರತೆಯಿದ್ದಾಗ ಅಲ್ಲಿನ ನರ್ಸಿಂಗ್ ಅಕಾಡೆಮಿ ಇದೇ ಪ್ರಶ್ನೆ ಹಿಡಿದು ಹೊರಟು, 41 ಆಸ್ಪತ್ರೆಗಳನ್ನು ಆರಿಸಿ ನೋಡಿ 1983ರಲ್ಲಿ ವರದಿ ಕೊಟ್ಟಿತು. ಆಯಸ್ಕಾಂತದಂತೆ ಸೆಳೆಯುತ್ತವೆ ಎಂಬ ಕಾರಣಕ್ಕೆ ಅವುಗಳಿಗೆ ‘ಮ್ಯಾಗ್ನೆಟ್’ ಆಸ್ಪತ್ರೆಗಳೆಂದೇ ಹೆಸರಾಯಿತು. ಅಲ್ಲಿ ಕಂಡದ್ದು ಸಾಕಷ್ಟು ಸಿಬ್ಬಂದಿ, ಅವರವರ ಬದುಕಿಗೆ ಹೊಂದುವ ಶಿಫ್ಟ್, ಮುಂದೆ ಓದಲು ಅವಕಾಶ, ಮುಖ್ಯವಾಗಿ ನರ್ಸಿಂಗ್ ಮುಖ್ಯಸ್ಥೆಗೆ ಆಡಳಿತದ ಉನ್ನತ ಹಂತದಲ್ಲೇ ಜಾಗ. ನಮ್ಮ ಆಸ್ಪತ್ರೆಗಳಲ್ಲಿ ಹರಿಯುವ ಕೈಗವಸು, ಅಂಟದ ಪ್ಲಾಸ್ಟರ್, ನರಕ್ಕೆ ಸರಿಯಾಗಿ ಇಳಿಯದ ಕ್ಯಾನುಲಾ ಇವುಗಳ ಜೊತೆ ದಿನವೂ ಹೆಣಗುವವರು ನರ್ಸ್‌ಗಳು. ಅವುಗಳನ್ನು ಕೊಳ್ಳುವ ಸಮಿತಿಯಲ್ಲಿ ಅವರಿಗೆ ಎಷ್ಟು ಕಡೆ ಕುರ್ಚಿಯಿದೆ?

ಇದಕ್ಕೆಲ್ಲ ದುಡ್ಡು ಎಲ್ಲಿಂದ ತರುವುದು ಎಂದು ಸಣ್ಣ ಊರಿನ ನರ್ಸಿಂಗ್ ಹೋಮ್ ನಡೆಸುವವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಪ್ರಾಮಾಣಿಕತೆ ಇದೆ. ಜನರನ್ನು ಹೆಚ್ಚಿಸಲು, ಸಂಬಳ ಏರಿಸಲು ಹಣ ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಯಾದರೆ ಖಾಲಿ ಹುದ್ದೆ ತುಂಬುವ ಮನಸ್ಸು ವಿಧಾನಸೌಧಕ್ಕೆ ಬರಬೇಕು. ಆದರೆ ದುಡ್ಡು ಬೇಡದ ಸಂಗತಿಗಳೂ ಬಹಳಷ್ಟಿವೆ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕಿದರೆ ಆಕೆ ತಂಗಿಯ ಮದುವೆಗೆ ಬಸ್ಸಿನ ಟಿಕೆಟ್ ಮಾಡಿಸಬಹುದು. ನೈಟ್ ಮುಗಿಸಿದವರನ್ನು ಮರುದಿನ ಬೆಳಿಗ್ಗೆ ಮೀಟಿಂಗಿಗೆ ಕೂರಿಸದೆ ಮನೆಗೆ ಕಳಿಸಬಹುದು. ರೌಂಡ್ಸ್‌ಗೆ ಬಂದ ಡಾಕ್ಟರ್ ಸಿಸ್ಟರ್ ಬರೆದಿಟ್ಟ ಟಿಪ್ಪಣಿಯನ್ನು ಓದಿ, ರಾತ್ರಿ ಹೇಗಿತ್ತು ಎಂದು ಅವರನ್ನೇ ಕೇಳಬಹುದು. ಬಿಲ್ಲಿನ ಸಿಟ್ಟನ್ನು ರೋಗಿಯ ಕಡೆಯವರು ವಾರ್ಡಿನ ಹುಡುಗಿಯ ಮೇಲೆ ತೀರಿಸಿಕೊಳ್ಳಲು ಬಂದಾಗ, ಮಾಲೀಕರು ಕೋಣೆಯಿಂದ ಹೊರಬಂದು ಆಕೆಯ ಮುಂದೆ ನಿಲ್ಲಬಹುದು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ಪೊಲೀಸ್ ಠಾಣೆಗೆ ಹೋಗಿ ಆ ಕಾಯ್ದೆಯಡಿ ದೂರು ಕೊಡುವ ಕೆಲಸವನ್ನು ಹೊಡೆತ ತಿಂದ ನರ್ಸ್‌ಗೇ ಬಿಡದೆ, ಆಸ್ಪತ್ರೆ ತನ್ನ ಲೆಟರ್‌ಹೆಡ್‌ನಲ್ಲಿ, ತನ್ನ ಸಹಿಯಲ್ಲಿ, ಅದೇ ದಿನ ಮಾಡಬಹುದು.